ಕೆಲಸವೇ ಗುಳೆ ಹೋದಾಗ: ‘ನಿಯರ್‌ಶೋರಿಂಗ್’ ಮತ್ತು ಇಳಕಲ್‌ನ ಸೀರೆ, ಕಲ್ಲು

ಬಾಗಲಕೋಟೆ: ಕಾರ್ಖಾನೆಯೊಂದು ತನ್ನ ಉತ್ಪಾದನೆಯನ್ನು ಕೂಲಿ ಮತ್ತು ಖರ್ಚು ಕಡಿಮೆ ಇರುವ ಹತ್ತಿರದ ದೇಶಕ್ಕೆ ವರ್ಗಾಯಿಸುವುದನ್ನು ವಾಣಿಜ್ಯ ಪರಿಭಾಷೆಯಲ್ಲಿ ‘ನಿಯರ್‌ಶೋರಿಂಗ್’ ಎನ್ನುತ್ತಾರೆ. ದೂರದ ದೇಶಕ್ಕೆ ಹೋದರೆ ಅದು ‘ಆಫ್‌ಶೋರಿಂಗ್’. ಉತ್ತರ ಕರ್ನಾಟಕದವರಿಗೆ ಈ ಪದಗಳು ಹೊಸತಾದರೂ ಸಂಗತಿ ಹೊಸತಲ್ಲ. ಮಳೆ ಕೈಕೊಟ್ಟ ವರ್ಷ ಬಾದಾಮಿ, ಹುನಗುಂದ ಸೀಮೆಯ ಹಳ್ಳಿಗರು ಗೋವಾ, ಮಂಗಳೂರು, ಬೆಂಗಳೂರಿನ ಕಡೆಗೆ ದುಡಿಯಲು ಹೋಗುವುದನ್ನು ‘ಗುಳೆ’ ಎಂದು ಕರೆಯುವುದು ಸರ್ವವಿದಿತ. ಅಲ್ಲಿ ಕೆಲಸ ಇರುವೆಡೆಗೆ ಆಳು ಹೋಗುತ್ತಾನೆ. ಇಲ್ಲಿ ಅಗ್ಗದ ಆಳು ಇರುವೆಡೆಗೆ ಕೆಲಸವೇ ಗುಳೆ ಹೋಗುತ್ತದೆ.

ಇಳಕಲ್ ಪಟ್ಟಣದಿಂದ ಮುಖ್ಯವಾಗಿ ಎರಡು ಸರಕುಗಳು ಹೊರಜಗತ್ತಿಗೆ ಹೋಗುತ್ತವೆ: ಸೀರೆ ಮತ್ತು ಕಲ್ಲು. ಕಳೆದ ಕೆಲವು ದಶಕಗಳಲ್ಲಿ ಎರಡರ ಉತ್ಪಾದನೆಯೂ ಒಂದಷ್ಟು ಊರು ಬಿಟ್ಟಿದೆ. ಕಲ್ಲಿಗೆ ಹೊಳಪು ಕೊಡುವ ಕೆಲಸದಲ್ಲಿ ದೊಡ್ಡ ಪಾಲು ಚೀನಾಕ್ಕೆ ಹೋಯಿತು. ಸೀರೆಯ ವಿನ್ಯಾಸ ಪವರ್‌ಲೂಮ್‌ಗಳಿಗೆ ಹೋಯಿತು. ಆದರೆ ಎರಡರಲ್ಲಿಯೂ ಹೋಗದೆ ಉಳಿದ ಒಂದೊಂದು ಭಾಗವಿದೆ. ಯಾವುದು ಹೋಯಿತು, ಯಾವುದು ಉಳಿಯಿತು ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಕೂಲಿಯ ದರವೊಂದೇ ಈ ವಲಸೆಯನ್ನು ನಿರ್ಧರಿಸುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ. ಸರಕಿನ ತಯಾರಿಕೆಯಲ್ಲಿ ಯಾವ ಕೆಲಸವನ್ನು ಉಳಿದವುಗಳಿಂದ ಬಿಡಿಸಿ ಬೇರೆಡೆ ಒಯ್ಯಬಹುದೋ ಅದು ಹೋಗುತ್ತದೆ. ಬಿಡಿಸಲು ಬಾರದ್ದು ಉಳಿಯುತ್ತದೆ.

ಪದದ ಹಿನ್ನೆಲೆ

ನಿಯರ್‌ಶೋರಿಂಗ್‌ಗೆ ಎಲ್ಲರೂ ಕೊಡುವ ಉದಾಹರಣೆ ಮೆಕ್ಸಿಕೊ. ಅಮೆರಿಕದ ಗಡಿಗೆ ಹೊಂದಿಕೊಂಡ ಮೆಕ್ಸಿಕೊದ ಪಟ್ಟಣಗಳಲ್ಲಿ ‘ಮಕಿಲಾಡೋರಾ’ ಎಂಬ ಜೋಡಣಾ ಕಾರ್ಖಾನೆಗಳಿಗೆ 1965ರಲ್ಲಿ ಅವಕಾಶ ಕಲ್ಪಿಸಲಾಯಿತು. ಬಿಡಿಭಾಗಗಳು ಅಮೆರಿಕದಿಂದ ಬರುತ್ತಿದ್ದವು, ಅಗ್ಗದ ಕೂಲಿಯಲ್ಲಿ ಜೋಡಣೆಯಾಗಿ ಮತ್ತೆ ಗಡಿ ದಾಟುತ್ತಿದ್ದವು. 1994ರ ಜನವರಿ 1ರಂದು ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಮೇಲೆ ಈ ಹರಿವು ಹೆಚ್ಚಿತು. 2023ರಲ್ಲಿ ಮೆಕ್ಸಿಕೊ ಚೀನಾವನ್ನು ಹಿಂದಿಕ್ಕಿ ಅಮೆರಿಕಕ್ಕೆ ಅತಿ ಹೆಚ್ಚು ಸರಕು ಕಳುಹಿಸುವ ದೇಶವಾಯಿತು. ಯುರೋಪಿನಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1991ರಲ್ಲಿ ನೆರೆಯ ಝೆಕೊಸ್ಲೊವಾಕಿಯಾದ ಸ್ಕೋಡಾ ಕಾರ್ಖಾನೆಯ ಪಾಲು ಕೊಂಡದ್ದು ಇದೇ ಬಗೆಯದು.

ನಮ್ಮ ಉಪಖಂಡದಲ್ಲಿ ಚಲನೆ ಎರಡೂ ದಿಕ್ಕಿಗೆ ನಡೆದಿದೆ. ಶ್ರೀಲಂಕಾದ ಉಡುಪು ಕಂಪನಿ ಬ್ರ್ಯಾಂಡಿಕ್ಸ್ ಆಂಧ್ರಪ್ರದೇಶದ ವಿಶಾಖಪಟ್ಟಣದ ಸಮೀಪ ಅಚ್ಯುತಾಪುರಂನಲ್ಲಿ ಸಾವಿರ ಎಕರೆಯ ಉಡುಪು ನಗರವನ್ನೇ ಕಟ್ಟಿತು. ಅಂದರೆ ಕೊಲಂಬೊದ ಲೆಕ್ಕದಲ್ಲಿ ‘ಅಗ್ಗದ ನೆರೆಯ ದೇಶ’ ನಾವೇ. ಇತ್ತ ಭಾರತದ ಬಟ್ಟೆ ವ್ಯಾಪಾರಿಗಳ ಲೆಕ್ಕದಲ್ಲಿ ಆ ಸ್ಥಾನ ಬಾಂಗ್ಲಾದೇಶಕ್ಕೆ. 2011ರ ಸೆಪ್ಟೆಂಬರ್‌ನಲ್ಲಿ ಅಂದಿನ ಪ್ರಧಾನಿ ಮನಮೋಹನ್ ಸಿಂಗ್ ಢಾಕಾಕ್ಕೆ ಭೇಟಿ ನೀಡಿದಾಗ ಬಾಂಗ್ಲಾದ 46 ಜವಳಿ ಬಾಬತ್ತುಗಳಿಗೆ ಭಾರತ ಸುಂಕ ಮನ್ನಾ ಮಾಡಿತು. ಅಲ್ಲಿಂದ ಮುಂದೆ ನಮ್ಮ ಮಾಲ್‌ಗಳಲ್ಲಿ ‘ಮೇಡ್ ಇನ್ ಬಾಂಗ್ಲಾದೇಶ್’ ಚೀಟಿಯ ಅಂಗಿಗಳು ಸಾಮಾನ್ಯವಾದವು. 2025ರ ಮೇ 17ರಂದು ಭಾರತ ಸರ್ಕಾರ ಈ ಸಿದ್ಧ ಉಡುಪುಗಳು ಭೂಮಾರ್ಗದಲ್ಲಿ ಬರುವುದನ್ನು ನಿರ್ಬಂಧಿಸಿ, ಕೋಲ್ಕತ್ತ ಮತ್ತು ನವಸೇವಾ ಬಂದರುಗಳ ಮೂಲಕ ಮಾತ್ರ ತರಲು ಅವಕಾಶ ನೀಡಿತು.

ಅಗ್ಗದ ಬೆಲೆಯ ಹಿಂದೆ ಏನಿರಬಹುದು ಎಂಬುದನ್ನು ಜಗತ್ತು 2013ರ ಏಪ್ರಿಲ್ 24ರಂದು ಕಂಡಿತು. ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಅವರಲ್ಲಿ ಬಹುತೇಕರು ಗಾರ್ಮೆಂಟ್ ಕೆಲಸಗಾರರು.

ಕಲ್ಲಿನ ಪ್ರಯಾಣ

ಇನ್ನು ಇಳಕಲ್‌ಗೆ ಬರೋಣ. ವಿಜಯಪುರದಿಂದ ಹುನಗುಂದ ಮಾರ್ಗವಾಗಿ ಹೊಸಪೇಟೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಈ ಪಟ್ಟಣವಿದೆ. ಮೊದಲು ಹುನಗುಂದ ತಾಲ್ಲೂಕಿಗೆ ಸೇರಿದ್ದ ಇಳಕಲ್ ಈಗ ಪ್ರತ್ಯೇಕ ತಾಲ್ಲೂಕು. ಸುತ್ತಲಿನ ನೆಲದಡಿಯ ಗುಲಾಬಿ ಮತ್ತು ಕೆಂಪು ಛಾಯೆಯ ಗ್ರಾನೈಟ್ ಮಾರುಕಟ್ಟೆಯಲ್ಲಿ ‘ಇಳಕಲ್ ಪಿಂಕ್’, ‘ರೂಬಿ ರೆಡ್’ ಮುಂತಾದ ಹೆಸರುಗಳಿಂದ ಪ್ರಸಿದ್ಧ. ವಿದೇಶಗಳ ಕಟ್ಟಡದ ಮುಖಗಳಿಗೂ ಸಮಾಧಿಯ ಕಲ್ಲುಗಳಿಗೂ ಇದು ಬಳಕೆಯಾಗಿದೆ.

ಗಣಿಯಲ್ಲಿ ಮೊದಲು ರಂಧ್ರ ಕೊರೆದು, ವಜ್ರದ ಮಣಿಗಳಿರುವ ತಂತಿ ಗರಗಸದಿಂದ ಬಂಡೆಯನ್ನು ಬಿಡಿಸುತ್ತಾರೆ. ಬಿರುಕು, ಕಲೆ, ಬಣ್ಣದ ವ್ಯತ್ಯಾಸ ಇಲ್ಲದ ತುಂಡನ್ನು ಆಯತಾಕಾರಕ್ಕೆ ತಂದರೆ ಅದು ‘ಬ್ಲಾಕ್’. ಒಂದೊಂದೂ ಹಲವು ಟನ್ ತೂಗುತ್ತದೆ. ಕಿತ್ತ ಕಲ್ಲಿನಲ್ಲಿ ದೊಡ್ಡ ಪಾಲು ಬ್ಲಾಕ್ ಆಗದೆ ಗಣಿಯ ಬದಿಯಲ್ಲಿಯೇ ಗುಡ್ಡೆಯಾಗಿ ಉಳಿಯುತ್ತದೆ. ಬ್ಲಾಕನ್ನು ‘ಗ್ಯಾಂಗ್‌ಸಾ’ ಎಂಬ ಯಂತ್ರದಲ್ಲಿ ಹಲಗೆಗಳಾಗಿ ಸೀಳಿ, ಅರೆದು, ಹೊಳಪು ಕೊಟ್ಟು, ಅಳತೆಗೆ ಕತ್ತರಿಸಿದ ಮೇಲೆ ಅದು ಮನೆ ಸೇರುವ ಸರಕಾಗುತ್ತದೆ. ಬೆಲೆ ಏರುವುದು ಈ ಕೊನೆಯ ಹಂತಗಳಲ್ಲಿ. ಕಸ್ಟಮ್ಸ್ ಪಟ್ಟಿಯಲ್ಲಿಯೂ ಇವು ಬೇರೆ ಬೇರೆ: ಒರಟು ಗ್ರಾನೈಟ್ 2516ನೇ ಶೀರ್ಷಿಕೆಯಡಿ, ಸಂಸ್ಕರಿಸಿದ ಕಲ್ಲು 6802ನೇ ಶೀರ್ಷಿಕೆಯಡಿ ಬರುತ್ತದೆ. ಒಂದು ಗಣಿಗಾರಿಕೆಯ ಸರಕು, ಇನ್ನೊಂದು ಕೈಗಾರಿಕೆಯ ಸರಕು.

ಭಾರತದ ಒರಟು ಗ್ರಾನೈಟ್‌ಗೆ ಅತಿ ದೊಡ್ಡ ಗಿರಾಕಿ ಚೀನಾ. ಅಲ್ಲಿನ ಫುಜಿಯಾನ್ ಪ್ರಾಂತದ ಶಿಯಾಮೆನ್ ಬಂದರು, ಅದರ ಸಮೀಪದ ಶುಯಿಟೌ ಪಟ್ಟಣ ಕಲ್ಲಿನ ಸಂಸ್ಕರಣೆಗೆ ಜಗತ್ಪ್ರಸಿದ್ಧ. ಭೂಪಟದಲ್ಲಿ ಚೀನಾ ನಮ್ಮ ನೆರೆಯ ದೇಶವೇ ಆದರೂ ಕಲ್ಲು ಹೋಗುವ ದಾರಿ ಹತ್ತಿರದ್ದಲ್ಲ. ಲಾರಿಯಲ್ಲಿ ಬಂದರಿಗೆ ಸಾಗಿ, ಹಡಗೇರಿ, ಮಲಾಕಾ ಜಲಸಂಧಿಯನ್ನು ದಾಟಬೇಕು.

ಇದೊಂದು ವಿಚಿತ್ರ. ನಮ್ಮದೇ ಜಿಲ್ಲೆಯ ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆಗಳನ್ನು ನೋಡಿ. ಕಬ್ಬಿನಲ್ಲಿ ಹತ್ತನೆಯ ಒಂದು ಪಾಲಿನಷ್ಟು ಮಾತ್ರ ಸಕ್ಕರೆಯಾಗುತ್ತದೆ, ಕಡಿದು ತಡವಾದರೆ ಅದೂ ಇಲ್ಲ. ಹೀಗಾಗಿ ಕಾರ್ಖಾನೆ ಹೊಲದ ಬಳಿಗೇ ಬರಬೇಕು. ಕಬ್ಬನ್ನು ಹಡಗೇರಿಸಿ ಯಾರೂ ಕಳುಹಿಸುವುದಿಲ್ಲ. ಕಲ್ಲಿನ ಬ್ಲಾಕ್ ಸಹ ಸೀಳುವಾಗ, ಅರೆಯುವಾಗ ತೂಕ ಕಳೆದುಕೊಳ್ಳುತ್ತದೆ. ಲೆಕ್ಕದ ಪ್ರಕಾರ ಅದೂ ಗಣಿಯ ಬಳಿಯಲ್ಲಿಯೇ ಸಂಸ್ಕರಣೆಯಾಗಬೇಕಿತ್ತು. ಆದರೆ ಕಲ್ಲು ಕೆಡುವುದಿಲ್ಲ. ಎಷ್ಟು ದಿನ ಬೇಕಾದರೂ ಕಾಯುತ್ತದೆ. ಈ ಒಂದು ಗುಣದಿಂದಾಗಿ ಗಣಿಯ ಕೆಲಸವನ್ನೂ ಹೊಳಪಿನ ಕೆಲಸವನ್ನೂ ಬಿಡಿಸಿ ಬೇರೆಬೇರೆ ಖಂಡಭಾಗಗಳಲ್ಲಿ ಇಡಲು ಸಾಧ್ಯವಾಯಿತು.

ಕೂಲಿಯೇ ಕಾರಣವೆಂದು ಹೇಳುವಂತಿಲ್ಲ. ಹುನಗುಂದ ಸೀಮೆಯ ಕೂಲಿ ಚೀನಾದ ಕರಾವಳಿಯ ಕೂಲಿಗಿಂತ ಹೆಚ್ಚೆಂದು ಯಾರೂ ವಾದಿಸಲಾರರು. ಶುಯಿಟೌನಲ್ಲಿರುವುದು ಗಾತ್ರ. ಬ್ರೆಜಿಲ್, ಭಾರತ, ಆಫ್ರಿಕಾ, ಇಟಲಿಯ ಕಲ್ಲುಗಳು ಒಂದೇ ಕಡೆ ಸಿಗುವುದರಿಂದ ಹೋಟೆಲ್ ಕಟ್ಟುವ ಗುತ್ತಿಗೆದಾರ ತನಗೆ ಬೇಕಾದ ಎಲ್ಲ ಬಣ್ಣವನ್ನೂ ಒಂದೇ ಕಂಟೇನರ್‌ನಲ್ಲಿ ತುಂಬಿಸಿಕೊಳ್ಳುತ್ತಾನೆ. ಯಂತ್ರ ತಯಾರಿಸುವವರು, ಬಿಡಿಭಾಗ ಮಾರುವವರು, ಬಂದರು, ಸಾಲ ಎಲ್ಲವೂ ಸಮೀಪದಲ್ಲಿವೆ. ಜೊತೆಗೆ ಆಮದು ಸುಂಕದ ಏಣಿಯೊಂದಿದೆ: ಕಚ್ಚಾ ಸರಕಿಗೆ ಕಡಿಮೆ, ಸಿದ್ಧ ಸರಕಿಗೆ ಹೆಚ್ಚು ಸುಂಕ. ಚೀನಾ ಸೇರಿದಂತೆ ಹಲವು ದೇಶಗಳು ಈ ಕ್ರಮವನ್ನು ಅನುಸರಿಸುತ್ತವೆ. ಇಳಕಲ್‌ನಲ್ಲಿ ಹೊಳಪು ಕೊಡುವ ಘಟಕಗಳು ಇಲ್ಲವೆಂದಲ್ಲ. ಪಟ್ಟಣದ ಆಸುಪಾಸಿನಲ್ಲಿ ಅವು ಕೆಲಸ ಮಾಡುತ್ತಿವೆ. ಆದರೆ ಅವು ಒಂದೇ ಸೀಮೆಯ ಕಲ್ಲನ್ನು ನೆಚ್ಚಿಕೊಂಡಂಥವು.

ಉಳಿಯುವುದರ ಪಟ್ಟಿಯಲ್ಲಿ ಗಣಿಯ ಗುಂಡಿ, ರಾಜಧನ, ಕಲ್ಲಿನ ದೂಳು ಸೇರಿವೆ. ಸಿಲಿಕಾ ದೂಳಿನಿಂದ ಬರುವ ಸಿಲಿಕೋಸಿಸ್ ಶ್ವಾಸಕೋಶದ ರೋಗ; ಬಂದ ಮೇಲೆ ವಾಸಿಯಾಗುವುದಿಲ್ಲ. ಕಾನೂನಿನ ಪ್ರಕಾರ ಅಧಿಸೂಚಿತ ರೋಗಗಳ ಸಾಲಿನಲ್ಲಿ ಇದೂ ಇದೆ.

ಸೀರೆಯ ಗಂಟು

ಸೀರೆಯ ಕಥೆ ಇದಕ್ಕಿಂತ ಜಟಿಲ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ.

ಇಳಕಲ್ ಸೀರೆಗೆ ಮೂರು ಅಂಗಗಳು: ಒಡಲು, ದಡಿ, ಸೆರಗು. ಸಾಂಪ್ರದಾಯಿಕ ಸೀರೆಯಲ್ಲಿ ಒಡಲು ಹತ್ತಿಯದು; ದಡಿ ಮತ್ತು ಸೆರಗು ರೇಷ್ಮೆ ಅಥವಾ ಆರ್ಟ್ ಸಿಲ್ಕ್‌ನವು. ದಡಿಗಳಲ್ಲಿ ಗೋಮಿ, ಪರಾಸಪೇಟ, ಗಾಡಿ ಎಂಬ ಬಗೆಗಳಿವೆ. ಪರಾಸಪೇಟದಲ್ಲಿ ಮತ್ತೆ ಚಿಕ್ಕಿ ಪರಾಸ, ದೊಡ್ಡ ಪರಾಸ ಎಂಬ ಭೇದ. ಸೆರಗಿಗೆ ‘ಟೋಪ ತೆನೆ’ ಎಂದು ಹೆಸರು. ಮೂರು ಗಟ್ಟಿ ಕೆಂಪು ಪಟ್ಟಿಗಳು, ಅವುಗಳ ನಡುವೆ ಎರಡು ಬಿಳಿ ಪಟ್ಟಿಗಳು, ಅಂಚಿಗೆ ಹಣಿಗೆ, ಕೋಟೆಯ ತೆನೆ, ಜೋಳದ ತೆನೆಗಳನ್ನು ನೆನಪಿಸುವ ಆಕೃತಿಗಳು. ಇದನ್ನು ಮೂಡಿಸಲು ನೇಕಾರ ಮೂರು ಲಾಳಿಗಳನ್ನು ಆಡಿಸುತ್ತಾನೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುವ ವಿನ್ಯಾಸ. ಕಂಡದ್ದನ್ನು ಯಾರೂ ನಕಲು ಮಾಡಬಹುದು. ಈ ಸೀರೆಯ ನಿಜವಾದ ಗುಟ್ಟು ಒಡಲು ಮತ್ತು ಸೆರಗು ಸೇರುವ ಗೆರೆಯಲ್ಲಿದೆ. ಒಡಲಿನ ಹಾಸು ಒಂದು, ಸೆರಗಿನ ಹಾಸು ಇನ್ನೊಂದು. ಇವೆರಡನ್ನೂ ಎಳೆಗೆ ಎಳೆ ಕುಣಿಕೆಯಾಗಿ ಜೋಡಿಸುತ್ತಾರೆ. ಈ ಜೋಡಣೆಗೆ ‘ಕೊಂಡಿ’ ಎಂದು ಹೆಸರು. ಹೀಗೆ ಜೋಡಿಸುವುದರಿಂದ ಸೆರಗಿನಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಬಣ್ಣ ಕಲಬೆರಕೆಯಾಗದೆ ಗಟ್ಟಿಯಾಗಿ ನಿಲ್ಲುತ್ತದೆ.

ಕೊಂಡಿಯ ಪರಿಣಾಮವೇನೆಂದರೆ, ಪ್ರತಿ ಸೀರೆಗೂ ಪ್ರತ್ಯೇಕವಾಗಿ ಹಾಸು ಸಿದ್ಧಪಡಿಸಬೇಕು. ಆರು ಗಜದ್ದಾಗಲಿ, ಎಂಟು ಗಜದ್ದಾಗಲಿ, ಒಂಬತ್ತು ಗಜದ್ದಾಗಲಿ, ಒಂದು ಮುಗಿದ ಮೇಲೆ ಮತ್ತೊಂದಕ್ಕೆ ಹೊಸ ಕೊಂಡಿ. ಪವರ್‌ಲೂಮ್‌ನ ಜೀವಾಳವೋ ಇದಕ್ಕೆ ತದ್ವಿರುದ್ಧ: ಹತ್ತಾರು ಸೀರೆಗಳಿಗಾಗುವಷ್ಟು ಉದ್ದದ ಹಾಸನ್ನು ಒಂದೇ ಉರುಳೆಗೆ ಸುತ್ತಿ ನಿಲ್ಲದೆ ಓಡಿಸಿದರೆ ಮಾತ್ರ ವಿದ್ಯುತ್ ಮಗ್ಗ ಲಾಭ ತರುತ್ತದೆ. ಆರು ಗಜಕ್ಕೊಮ್ಮೆ ಯಂತ್ರ ನಿಲ್ಲಿಸಿ ಕೊಂಡಿ ಹಾಕುತ್ತ ಕುಳಿತರೆ ಅದು ಕೈಮಗ್ಗಕ್ಕಿಂತ ದುಬಾರಿ. ಆದ್ದರಿಂದ ಪವರ್‌ಲೂಮ್‌ನವರು ಸಾಮಾನ್ಯವಾಗಿ ಕೊಂಡಿಯನ್ನೇ ಬಿಟ್ಟುಬಿಡುತ್ತಾರೆ. ಒಡಲಿನ ಹಾಸೇ ಸೆರಗಿನವರೆಗೂ ಮುಂದುವರಿಯುತ್ತದೆ, ಹೊಕ್ಕಿನ ಬಣ್ಣ ಮಾತ್ರ ಬದಲಾಗುತ್ತದೆ. ದೂರದಿಂದ ಅದೇ ಟೋಪ ತೆನೆ. ಬೆಲೆ ಬಹಳ ಕಡಿಮೆ.

ಸೀರೆ ಎಲ್ಲಿಗೆ ಹೋಯಿತು?

ಈ ವರ್ಗಾವಣೆಗೆ ದೇಶದ ಗಡಿ ದಾಟುವ ಅಗತ್ಯವೇ ಬೀಳಲಿಲ್ಲ. ಇಳಕಲ್ ಸೀರೆಗೂ, ಗುಳೇದಗುಡ್ಡದ ಖಣಕ್ಕೂ ಮೊದಲಿನಿಂದ ದೊಡ್ಡ ಮಾರುಕಟ್ಟೆ ಮಹಾರಾಷ್ಟ್ರ. ಮರಾಠಿಗರು ಇದನ್ನು ‘ಇರಕಲ್’ ಎನ್ನುತ್ತಾರೆ. ಆ ಮಾರುಕಟ್ಟೆಯ ಮಗ್ಗುಲಲ್ಲಿಯೇ ಸೊಲ್ಲಾಪುರ, ಇಚಲಕರಂಜಿಗಳಂಥ ಪವರ್‌ಲೂಮ್ ಪಟ್ಟಣಗಳಿವೆ. ನಮ್ಮ ಜಿಲ್ಲೆಯಲ್ಲಿಯೇ ರಬಕವಿ ಬನಹಟ್ಟಿ, ಮಹಾಲಿಂಗಪುರ, ತೇರದಾಳ ಕಡೆ ಪವರ್‌ಲೂಮ್‌ಗಳು ದಟ್ಟವಾಗಿವೆ. ಇಳಕಲ್‌ನಲ್ಲಿಯೂ ಕೆಲವರು ಕುಣಿಮಗ್ಗ ಮುಚ್ಚಿ ವಿದ್ಯುತ್ ಮಗ್ಗ ಹಾಕಿಕೊಂಡಿದ್ದಾರೆ. ಇವರನ್ನು ದೂರುವುದು ಸುಲಭ. ಅದೇ ಮನೆಯಲ್ಲಿ ಕುಳಿತು ಕೈಮಗ್ಗದ ಮಜೂರಿಯಲ್ಲಿ ಸಂಸಾರ ತೂಗಿಸುವುದು ಕಷ್ಟ.

ಬಟ್ಟೆಯ ಉತ್ಪಾದನೆ ಹೀಗೆ ದೊಡ್ಡ ಕಾರ್ಖಾನೆಯಿಂದ ಹತ್ತಿರದ ಅಗ್ಗದ ಪಟ್ಟಣಕ್ಕೆ ಸರಿಯುವುದು ಪಶ್ಚಿಮ ಭಾರತದಲ್ಲಿ ಮೊದಲೂ ನಡೆದಿದೆ. 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಮುಂಬೈನ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಆರಂಭಿಸಿದರು. ಮುಷ್ಕರ ಎಳೆಯುತ್ತ ಹೋದಂತೆ ನೇಯ್ಗೆಯ ಕೆಲಸ ಭಿವಂಡಿ, ಮಾಲೇಗಾಂವ್, ಇಚಲಕರಂಜಿಗಳ ಪವರ್‌ಲೂಮ್‌ಗಳಿಗೆ ಹರಿಯಿತು. ಆ ಹರಿವು ಮುಷ್ಕರಕ್ಕೆ ಮುಂಚೆಯೇ ಆರಂಭವಾಗಿತ್ತು ಎಂಬುದೂ ನಿಜ. ಮತ್ತೆ ಅದು ಗಿರಣಿಗೆ ಮರಳಲಿಲ್ಲ.

ಬಾದಾಮಿ ತಾಲ್ಲೂಕಿನ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕಾಗಿರುವ ಗುಳೇದಗುಡ್ಡದಲ್ಲಿ ಖಣದ ಪಾಡು ಇನ್ನೂ ಬಿಗಿ. ಖಣ ಎಂದರೆ ಕುಪ್ಪಸಕ್ಕೆಂದು ನೇಯುವ ಅಗಲ ಕಿರಿದಾದ, ಬುಟ್ಟಿ ತುಂಬಿದ ಬಟ್ಟೆ. ಅದರಲ್ಲಿ ಒಡಲು–ಸೆರಗು ಎಂಬ ಭೇದವಿಲ್ಲ. ಉದ್ದಕ್ಕೂ ಒಂದೇ ಹಾಸು, ಒಂದೇ ವಿನ್ಯಾಸ. ಅಂದರೆ ಯಂತ್ರವನ್ನು ತಡೆಯುವ ಕೊಂಡಿ ಅಲ್ಲಿಲ್ಲ. ಸೀರೆಯ ನಕಲಿಗೆ ಅಡ್ಡಬರುವ ಗಂಟು ಖಣದ ನಕಲಿಗೆ ಅಡ್ಡಬರುವುದಿಲ್ಲ. ಹುನಗುಂದ ಭಾಗದ ಕಮತಗಿ, ಸೂಳೇಭಾವಿ, ಅಮೀನಗಡಗಳ ನೇಕಾರರು ಈ ಎರಡೂ ಊರುಗಳ ಏರಿಳಿತಕ್ಕೆ ಸಿಕ್ಕಿಕೊಂಡವರು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಕೆಲಸವನ್ನು ಊರೂರಿಗೆ ಹಂಚುವುದು ತಾನಾಗಿಯೇ ಕೇಡಲ್ಲ. ಇಳಕಲ್‌ನಲ್ಲಿ ನೇಯ್ದ ಸೀರೆಗೆ ಧಾರವಾಡದ ಕಡೆ ಕಸೂತಿ ಹಾಕುವುದು ಹಳೆಯ ರೂಢಿ. ಹತ್ತಿ ನೂಲು ಬೇರೆಡೆಯ ಗಿರಣಿಗಳಿಂದಲೇ ಬರುತ್ತದೆ. ಎಲ್ಲವೂ ಒಂದೇ ಊರಿನಲ್ಲಿ ಆಗಿದ್ದ ಕಾಲವನ್ನು ನಾವು ಕಲ್ಪಿಸಿಕೊಳ್ಳುತ್ತೇವೆ ಅಷ್ಟೆ. ಆದರೆ ಕಸೂತಿಯ ಹಂಚಿಕೆಯಲ್ಲಿ ಎರಡೂ ಊರಿನ ಕೈಗಳಿಗೆ ಕೂಲಿ ಸಿಗುತ್ತದೆ, ಎರಡೂ ಹೆಸರು ಉಳಿಯುತ್ತವೆ. ಪವರ್‌ಲೂಮ್‌ನ ‘ಇಳಕಲ್’ ಸೀರೆಯಲ್ಲಿ ಊರಿನ ಹೆಸರು ಮಾತ್ರ ಪ್ರಯಾಣ ಮಾಡುತ್ತದೆ. ಕೂಲಿ ಊರಿಗೆ ಬರುವುದಿಲ್ಲ.

ಕಾನೂನಿನ ಎರಡು ಬೇಲಿಗಳು

ಈ ವಲಸೆಗೆ ಕಾನೂನು ಎರಡು ಬೇಲಿಗಳನ್ನು ಹಾಕಿದೆ. ಮೊದಲನೆಯದು 1985ರ ಕೈಮಗ್ಗ (ಉತ್ಪಾದನೆಗೆ ವಸ್ತುಗಳ ಮೀಸಲು) ಕಾಯ್ದೆ. ಇದರಡಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗದಲ್ಲಿ ಮಾತ್ರ ನೇಯಬೇಕು. ಆರಂಭದ ಪಟ್ಟಿಯಲ್ಲಿ 22 ಬಾಬತ್ತುಗಳಿದ್ದವು. ಪವರ್‌ಲೂಮ್ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ 1996ರಲ್ಲಿ ಪಟ್ಟಿಯನ್ನು 11ಕ್ಕೆ ಇಳಿಸಲಾಯಿತು. ಸೀರೆ ಪಟ್ಟಿಯಲ್ಲಿ ಉಳಿಯಿತಾದರೂ ಎಲ್ಲ ಸೀರೆಯೂ ಮೀಸಲಲ್ಲ. ನೂಲಿನ ಬಗೆ, ದಡಿ ಮತ್ತು ಸೆರಗಿನ ನೇಯ್ಗೆಯ ಬಗೆ ಇವುಗಳ ಮೇಲೆ ಅದು ನಿಂತಿದೆ. ನೂಲನ್ನು ಕೊಂಚ ಬದಲಿಸಿದರೆ ಬೇಲಿ ದಾಟಿದಂತೆಯೇ.

ಎರಡನೆಯದು ಭೌಗೋಳಿಕ ಸೂಚಿಕೆ, ಅಂದರೆ ಜಿಐ. 1999ರ ಕಾಯ್ದೆ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಅದರ ನೋಂದಣಿ ಕಚೇರಿ ಚೆನ್ನೈನಲ್ಲಿದೆ. ಇಳಕಲ್ ಸೀರೆಗೆ ಆ ದಶಕದಲ್ಲಿಯೇ ನೋಂದಣಿ ದೊರೆಯಿತು. ಸುಳ್ಳು ಜಿಐ ಬಳಸಿದವರಿಗೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ಓದಲು ಬಿಗಿಯಾಗಿದೆ. ಆದರೆ ‘ಮಾದರಿ’, ‘ಶೈಲಿ’ ಎಂಬ ಪದ ಸೇರಿಸಿ ಹೆಸರು ಬಳಸುವುದನ್ನೂ ತಡೆಯುವ ಹೆಚ್ಚಿನ ರಕ್ಷಣೆ, ಕೇಂದ್ರ ಸರ್ಕಾರ ಪ್ರತ್ಯೇಕವಾಗಿ ಅಧಿಸೂಚನೆ ಹೊರಡಿಸಿದ ಸರಕುಗಳಿಗೆ ಮಾತ್ರ ಅನ್ವಯಿಸುತ್ತದೆ. ಉಳಿದವುಗಳಲ್ಲಿ ಗಿರಾಕಿಯನ್ನು ದಾರಿ ತಪ್ಪಿಸಲಾಗಿದೆ ಎಂಬುದನ್ನು ದೂರುದಾರರೇ ಸಾಬೀತುಪಡಿಸಬೇಕು. ಮೇಲಾಗಿ ಜಿಐ ಬಳಸಬೇಕಾದ ನೇಕಾರ ಸ್ವತಃ ‘ಅಧಿಕೃತ ಬಳಕೆದಾರ’ನಾಗಿ ನೋಂದಾಯಿಸಿಕೊಳ್ಳಬೇಕು, ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಸಾಹುಕಾರ ಕೊಟ್ಟ ನೂಲನ್ನು ಸೀರೆಯೊಂದಕ್ಕೆ ಇಂತಿಷ್ಟು ಮಜೂರಿಯಂತೆ ನೇಯ್ದು ಕೊಡುವವನಿಗೆ ಈ ಹೆಸರಿನ ಬೆಲೆ ನೇರವಾಗಿ ಕೈಸೇರುವುದಿಲ್ಲ. ಅಂಗಡಿಯಲ್ಲಿ ಸೀರೆಯ ಬೆಲೆ ಏರಿದ ಮಾತ್ರಕ್ಕೆ ಮಜೂರಿ ಏರಬೇಕೆಂದಿಲ್ಲ.

ಸಂಖ್ಯೆಗಳು ಇದನ್ನೇ ಹೇಳುತ್ತವೆ. 2009-10ರ ರಾಷ್ಟ್ರೀಯ ಕೈಮಗ್ಗ ಗಣತಿಯಲ್ಲಿ ದೇಶದಲ್ಲಿ ಸುಮಾರು 43 ಲಕ್ಷ ನೇಕಾರರು ಹಾಗೂ ಸಹಾಯಕ ಕೆಲಸಗಾರರು ಇದ್ದರು. 2019-20ರ ಗಣತಿಯಲ್ಲಿ ಅದು ಸುಮಾರು 35 ಲಕ್ಷಕ್ಕೆ ಇಳಿಯಿತು. ಅದೇ ಗಣತಿಯ ಪ್ರಕಾರ ನೇಕಾರ ಕುಟುಂಬಗಳಲ್ಲಿ ಶೇ 66ರಷ್ಟು ತಿಂಗಳಿಗೆ 5,000 ರೂಪಾಯಿಗಿಂತ ಕಡಿಮೆ ಗಳಿಸುತ್ತಿದ್ದವು. ಬೆಂಗಳೂರಿನಲ್ಲಿ ಒಂದು ಉತ್ತಮ ಇಳಕಲ್ ರೇಷ್ಮೆ ಸೀರೆಗೆ ಗಿರಾಕಿ ಕೊಡುವ ಹಣವೇ ಅದಕ್ಕಿಂತ ಹೆಚ್ಚಿರುತ್ತದೆ.

ಸರ್ಕಾರದ ಆಸರೆ ಇಲ್ಲವೆಂದಲ್ಲ. 1975ರಲ್ಲಿ ಸ್ಥಾಪಿತವಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ‘ಪ್ರಿಯದರ್ಶಿನಿ’ ಮಳಿಗೆಗಳ ಮೂಲಕ ಮಾರಾಟ ಮಾಡುತ್ತ ಬಂದಿದೆ. ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದ ಬಟ್ಟೆ ನೇಯಿಸಿ ಕೆಲಸ ಒದಗಿಸಿದ್ದೂ ಉಂಟು. ಕೊರೊನಾ ಕಾಲದಲ್ಲಿ, 2020ರಲ್ಲಿ, ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ನೀಡುವ ನೇಕಾರ ಸಮ್ಮಾನ್ ಯೋಜನೆ ಆರಂಭವಾಯಿತು, ಮುಂದೆ ಅದನ್ನು 5,000 ರೂಪಾಯಿಗೆ ಏರಿಸಲಾಯಿತು. ಅದೇ 2020ರಲ್ಲಿ ಕೇಂದ್ರ ಸರ್ಕಾರ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ರದ್ದುಪಡಿಸಿತು. ಒಂದು ಕೈ ಕೊಟ್ಟಾಗ ಇನ್ನೊಂದು ಕೈ ಕಿತ್ತುಕೊಂಡಂತೆ ನೇಕಾರರಿಗೆ ಅನಿಸಿದ್ದರೆ ಅಚ್ಚರಿಯಿಲ್ಲ.

ಬೆಂಗಳೂರಿನಿಂದ ಆಫ್ರಿಕಾಕ್ಕೆ

ಸಿದ್ಧ ಉಡುಪಿನಲ್ಲಿ ಕೊಂಡಿಯಂಥ ಗಂಟು ಯಾವುದೂ ಇಲ್ಲ. ಹೊಲಿಗೆ ಯಂತ್ರ ಹಗುರ, ಕೆಲಸ ಕೆಲವು ವಾರಗಳಲ್ಲಿ ಕಲಿಯುವಂಥದ್ದು, ಬಟ್ಟೆ ಎಲ್ಲಿಗೆ ಬೇಕಾದರೂ ಹೋಗುತ್ತದೆ. ಅತಿ ವೇಗವಾಗಿ ಗುಳೆ ಹೋಗುವ ಕೈಗಾರಿಕೆ ಇದೇ. ಬೆಂಗಳೂರಿನ ಗಾರ್ಮೆಂಟ್ ಕೆಲಸ ಮೊದಲು ರಾಮನಗರ, ಮಂಡ್ಯ, ಹಾಸನದ ಕಡೆ ಹರಡಿತು. ಕಳೆದ ಶತಮಾನದ ಎಪ್ಪತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಕಂಪನಿ 2023ರಲ್ಲಿ ದುಬೈ ಮೂಲದ ಅಟ್ರಾಕೊ ಸಮೂಹವನ್ನು ಕೊಳ್ಳುವುದಾಗಿ ಪ್ರಕಟಿಸಿ, 2024ರ ಆರಂಭದಲ್ಲಿ ವ್ಯವಹಾರ ಮುಗಿಸಿತು. ಆ ಸಮೂಹದ ಕಾರ್ಖಾನೆಗಳಿರುವುದು ಕೆನ್ಯಾ ಮತ್ತು ಇಥಿಯೋಪಿಯಾದಲ್ಲಿ.

ಇದರ ಬೆಲೆ ತಿಳಿದದ್ದು ಮರುವರ್ಷ. 2025ರ ಆಗಸ್ಟ್ 27ರಿಂದ ಅಮೆರಿಕ ಭಾರತದ ಬಹುತೇಕ ಸರಕಿನ ಮೇಲೆ ಶೇ 50 ಹೆಚ್ಚುವರಿ ಸುಂಕ ಹೇರಿದಾಗ ಕೆನ್ಯಾದ ಮೇಲೆ ಹೇರಿದ್ದ ಹೆಚ್ಚುವರಿ ಸುಂಕ ಶೇ 10. ಕೂಲಿಗಾಗಿ ಅಲ್ಲ, ಸುಂಕಕ್ಕಾಗಿ ದೇಶ ಬದಲಿಸುವ ಕಾಲವಿದು. ಮೆಕ್ಸಿಕೊದ ಜೋಡಣಾ ಕಾರ್ಖಾನೆಗಳೂ, ಶುಯಿಟೌನ ಗ್ಯಾಂಗ್‌ಸಾಗಳೂ, ನೈರೋಬಿ ಸಮೀಪದ ಹೊಲಿಗೆ ಸಾಲುಗಳೂ ಈ ವಿಷಯದಲ್ಲಿ ಒಂದೇ ಜಾತಿ: ಕಸ್ಟಮ್ಸ್ ಪಟ್ಟಿಯ ಒಂದು ಸಾಲು ಬದಲಾದರೆ ಸಾವಿರಾರು ಜನರ ಕೆಲಸ ಬದಲಾಗುತ್ತದೆ.

ಕೊಳ್ಳುವವರು ಗಮನಿಸಬೇಕಾದ್ದು

ಇಳಕಲ್ ಸೀರೆ ಕೊಳ್ಳುವವರು ಅಂಗಡಿಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ. ಸೆರಗನ್ನು ಪೂರ್ತಿ ಬಿಚ್ಚಿ, ಒಡಲು ಮುಗಿದು ಸೆರಗು ಆರಂಭವಾಗುವ ಗೆರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಕೊಂಡಿ ಹಾಕಿದ ಸೀರೆಯಲ್ಲಿ ಎರಡು ಬಣ್ಣದ ಹಾಸಿನ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡ ಸಣ್ಣ ಕುಣಿಕೆಗಳ ಸಾಲು ಬೆರಳಿಗೂ ತಗಲುತ್ತದೆ. ಅಲ್ಲಿಂದಾಚೆ ಉದ್ದದ ಎಳೆಯೂ ಅಡ್ಡದ ಎಳೆಯೂ ಕೆಂಪೇ. ಆ ಸಾಲು ಇಲ್ಲದಿದ್ದರೆ, ಒಡಲಿನ ಬಣ್ಣದ ಎಳೆಗಳು ಸೆರಗಿನ ಕೆಂಪಿನ ನಡುವೆಯೂ ಉದ್ದಕ್ಕೆ ಓಡುತ್ತಿದ್ದರೆ, ಅದು ಕೊಂಡಿಯ ಸೀರೆಯಲ್ಲ. ಕೇಂದ್ರ ಸರ್ಕಾರ 2006ರಲ್ಲಿ ಜಾರಿಗೆ ತಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದ್ದರೆ ಒಳ್ಳೆಯದು. ಆದರೆ ಆ ಚೀಟಿ ಬಟ್ಟೆ ಕೈಮಗ್ಗದ್ದೆಂದು ಹೇಳುತ್ತದೆಯೇ ಹೊರತು ಇಳಕಲ್‌ನದೆಂದು ಹೇಳುವುದಿಲ್ಲ. ಅದಕ್ಕೆ ಜಿಐ ಗುರುತನ್ನೇ ಕೇಳಬೇಕು. ಅಗ್ಗದ ಪವರ್‌ಲೂಮ್ ಸೀರೆಯನ್ನು ಅದೆಂದು ತಿಳಿದು ಕೊಳ್ಳುವುದರಲ್ಲಿ ತಪ್ಪೇನಿಲ್ಲ, ಅಂಗಡಿಯವರು ಅದಕ್ಕೆ ಕೊಂಡಿಯ ಸೀರೆಯ ಬೆಲೆ ಹಾಕದಿದ್ದರಾಯಿತು.